ಹೊನ್ನವ್ವನ ಒಲೆ ಮಸಿ

ಒಂದಾನೊಂದು ಕಾಲದಲ್ಲಿ, ಕಾಗದ ಇನ್ನೂ ಹುಟ್ಟೇ ಇಲ್ಲದ ಕಾಲದಲ್ಲಿ, ಚಿಕ್ಕೀರಯ್ಯ ಅಂತ ಪದ ಕಟ್ಟೋನು ಒಬ್ಬ ಇದ್ದನಂತೆ. ಕಾಲು ಆಡಿಸಬೇಡ, ಕೇಳು. ಅವನು ತಾಳೆಗರಿ ಮೇಲೆ ಚೂಪು ಕಬ್ಬಿಣದ ಕಡ್ಡೀಲಿ ದೇವರ ಪದ ಗೀರ್ತಿದ್ದನಂತೆ. ಗೀರಿದ್ದು ಹಾಗೇ ಕಾಣಲ್ಲ ಮಗ, ಎಣ್ಣೆ ಮಸಿ ತೀಡಿದರೇನೇ ಅಕ್ಷರ ಕಪ್ಪಗೆ ಏಳೋದು. ಶಿವನ ಜಡೆ, ಗೌರಿ ಬಾಗಿನ, ಗಣಪನ ಜೋಗುಳ, ಎಲ್ಲಾ ಕಟ್ಟಿ ಮುಗಿಸಿ, ಗೌರಿ ಹಬ್ಬಕ್ಕೆ ಊರಮ್ಮನ ಮುಂದೆ ಓದ್ತೀನಿ ಅಂತ ಮಾತು ಕೊಟ್ಟಿದ್ದನಂತೆ.

ಆದರೆ ಮನೆ ಒಲೆ ಆರಿತ್ತು. ಅವನ ಮಗಳು ಸುಬ್ಬಿ, ಇನ್ನೂ ತೊಟ್ಟಿಲ ಕೂಸು, ಜ್ವರ ಬಂದು ತೀರಿಕೊಂಡಿತ್ತಂತೆ. ಅವತ್ತಿಂದ ಹೆಂಡತಿ ಹೊನ್ನವ್ವ ಒಲೆ ಹಚ್ಚಿರಲಿಲ್ಲ, ಬಾಯಿ ಬಿಟ್ಟಿರಲಿಲ್ಲ. ಅಕ್ಕಪಕ್ಕದವರು ಕೊಟ್ಟ ಮುದ್ದೇಲಿ ದಿನ ನೂಕ್ತಿದ್ದರು. ಇವನೋ, ಅಳೋಕೆ ಹೆದರಿ ದೇವರ ಪದದೊಳಗೆ ಬಚ್ಚಿಟ್ಟುಕೊಂಡಿದ್ದ. ಗಂಡಸರ ಬುದ್ಧಿ ಹಂಗೇ ಕಣಪ್ಪ.

ಒಲೆ ಆರಿದ ಮನೇಲಿ ಮಸಿ ಎಲ್ಲಿಂದ ಬರಬೇಕು? ಗುಡಿಗೆ ಹೋಗಿ ನಂದಾದೀಪದ ಮಸಿ ತಂದು ತೀಡಿದನಂತೆ, ಅಕ್ಷರ ಏಳಲಿಲ್ಲ. ಆಮೇಲೆ ಅರಮನೆಗೆ ಹೋಗಿ ದೀವಟಿಗೆ ಮಸಿ ತಂದನಂತೆ, ಅದೂ ನಿಲ್ಲಲಿಲ್ಲ. ಬೆಳಗಾದರೆ ಹಬ್ಬ. ಕೊನೆಗೆ ಹೊನ್ನವ್ವನ ಹತ್ತಿರ ಕೂತು, ಒಲೆ ಹಚ್ಚೇ, ಒಂದು ಚಿಟಿಕೆ ಮಸಿ ಬೇಕು ಅಂತ ಕೇಳಿದನಂತೆ. ಆಗ ಅವಳು ಬಾಯಿ ಬಿಟ್ಟಳು.

"ಗೌರಮ್ಮನ ಮಗಂಗೆ ಜೋಗುಳ ಕಟ್ಟಿದ್ದೀಯ. ನನ್ನ ಸುಬ್ಬಿ ಹೆಸರು ಒಂದು ಗರೀಲಾದ್ರೂ ಐತಾ?"

ಇರಲಿಲ್ಲ. ಅವನು ಗೋಡೆಗೆ ಒರಗಿ ಮೊದಲ ಸಲ ಅತ್ತನಂತೆ. ಅತ್ತು ಅತ್ತು ಸಾಕಾಗಿ, ಆಮೇಲೆ ಗಣಪನ ಜೋಗುಳದ ಪಕ್ಕದಲ್ಲೇ ಹೊಸ ಗರಿ ಇಟ್ಟನಂತೆ. ಸುಬ್ಬಿ ಹಾಲು ಕಕ್ಕಿದ್ದು, ಬೆರಳು ಹಿಡಿದದ್ದು, ನಿದ್ದೇಲಿ ನಕ್ಕದ್ದು, ಹೊನ್ನವ್ವ ಒಂದೊಂದೇ ಹೇಳ್ತಾ ಹೋದಳು, ಇವನು ಗೀರ್ತಾ ಹೋದ. ಮುಗಿದ ಮೇಲೆ ಅವಳೇ ಎದ್ದು ಒಲೆ ಹಚ್ಚಿ, ಮುದ್ದೆಗೆ ಎಸರಿಟ್ಟು, ಗಡಿಗೆ ತಳದ ಮಸಿ ಕೆರೆದು ತನ್ನ ಕೈಯಾರೆ ತೀಡಿದಳಂತೆ. ಮೊದಲು ಸುಬ್ಬಿ ಹೆಸರು ಎದ್ದಿತು. ಅದರ ಹಿಂದೆ ಗಣಪ, ಗೌರಿ, ಶಿವ, ಎಲ್ಲರೂ ಕಪ್ಪಗೆ ಎದ್ದರಂತೆ.

ಹಬ್ಬದಲ್ಲಿ ಊರಮ್ಮನ ಮುಂದೆ ಮೊದಲು ಓದಿದ್ದು ಸುಬ್ಬಿ ಜೋಗುಳಾನೇ. ಕೂಸು ಕಳಕೊಂಡಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಕೇಳಿ, ನಮ್ಮ ಕೂಸಿಂದೂ ಬರಿಯಪ್ಪ ಅಂದರಂತೆ. ಬರೆದನಂತೆ. ದೇವರ ಗರಿ ಪಕ್ಕ ಮನುಷ್ಯರ ಗರಿ ಸೇರಿ ಆ ಕಟ್ಟು ದಪ್ಪ ಆಗ್ತಾ ಹೋಯ್ತು, ಹೊನ್ನವ್ವನ ಒಲೆ ಮತ್ತೆ ಆರಲಿಲ್ಲ.

ಅವರು ಮಸಿ ಕೈ ತೊಳಕೊಂಡು ಉಂಡರು, ಇಲ್ಲಿಗೆ ಕತೆ ಮುಗೀತು. ಮಲಕ್ಕೊ ಮಗ.