ಬೀದಿಯ ಬೋರ್ಡು ಮತ್ತು ರೂಬಿಯ ಕಲ್ಲು

ದಂಡು ಪ್ರದೇಶದ ಒಂದು ಬೀದಿಗೆ ಹೊಸ ಹೆಸರು ಬಂತು. ಕಿತ್ತ ಹಳೆಯ ಬೋರ್ಡನ್ನು, ಗುಜರಿಯವನು ಬರುವವರೆಗೆ ಇರಲಿ ಎಂದು, ಹಳೇ ಬಂಗಲೆಯ ಹಿತ್ತಲಲ್ಲಿ ಹಿಂದೆ ಅಲ್ಲಿದ್ದ ಇಂಗ್ಲಿಷ್ ದೊರೆಯ ನಾಯಿಯ ಗೋರಿಕಲ್ಲಿಗೆ ಒರಗಿಸಿಟ್ಟರು.

"ನಾಯಿಯ ಕಲ್ಲಿಗೆ ಒರಗುವ ಗತಿ ಬಂತಲ್ಲ ನನಗೆ!" ಎಂದಿತು ಬೋರ್ಡು. "ನಾನು ಪೆಂಬರ್ಟನ್ ದೊರೆಯ ಹೆಸರು ಹೊತ್ತವನು. ಅವರ ಸೀಮೆಯಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ, ದೊಡ್ಡವರ ಹೆಸರು ಬೀದಿಗೆ. ನಿನ್ನದೇನು?"

"ರೂಬಿ," ಎಂದಿತು ಕಲ್ಲು. "ಈ ಬಂಗಲೆಯ ದೊರೆಯ ಮಗಳು ತನ್ನ ನಾಯಿಗೆ ಇಟ್ಟದ್ದು. ದಿನಾ ಸಂಜೆ ಗೇಟಿನಲ್ಲಿ ನಿಂತು ಕೂಗುತ್ತಿದ್ದಳು. ಅವರು ಹಡಗು ಹತ್ತಿದ ಮೇಲೆ ಮಾಲಿಯ ಹೆಂಡತಿ ತನ್ನ ನಾಯಿಮರಿಗೆ ಅದೇ ಹೆಸರಿಟ್ಟಳು. ಅದು ಸತ್ತ ಮೇಲೆ ಇನ್ನೊಂದಕ್ಕೆ."

"ನಾಯಿಗೂ ವಂಶವೇ!" ಎಂದು ಬೋರ್ಡು ನಕ್ಕಿತು.

ಅಷ್ಟರಲ್ಲಿ ಮಾಲಿಯ ಮೊಮ್ಮಗಳು ಕನ್ನಿಯಮ್ಮ ಅನ್ನದ ತಟ್ಟೆ ಹಿಡಿದು ಹೊರಗೆ ಬಂದಳು. "ರೂಬೀ, ಬಾರೇ! ಎಲ್ಲಿ ಹಾಳಾಗಿ ಹೋದೆ?" ಕಂದು ನಾಯಿಯೊಂದು ಬಾಲ ಅಲ್ಲಾಡಿಸುತ್ತ ಓಡಿಬಂತು.

ಬೋರ್ಡಿನ ನಗು ನಿಂತಿತು. ಅದು ಹೇಳಿತು: "ಇಷ್ಟು ವರ್ಷ ಎಲ್ಲರೂ ನನ್ನನ್ನು ಓದಿದರು. ಒಬ್ಬರೂ ಕರೆಯಲಿಲ್ಲ. ಗುಜರಿಯವನು ಬರುವ ಮುಂಚೆ ನೀನಾದರೂ ಒಮ್ಮೆ ಕರೆಯುತ್ತೀಯಾ?"

ಕಲ್ಲು ಕರೆಯಿತು, ಊಟಕ್ಕೆ ಕರೆಯುವ ಹಾಗೆ.