ಎದುರಿನ ಮಣೆ

ಬೊಮ್ಮರಸ ಆಶ್ರಮದ ಅಂಗಳಕ್ಕೆ ಬಂದಾಗ ಎದೆಯವರೆಗೆ ಒದ್ದೆಯಾಗಿದ್ದ.

"ದೋಣಿ ಸಿಗಲಿಲ್ಲವೇನಪ್ಪ?" ಎಂದರು ಗುರು ವಿದ್ಯಾಧರರು.

"ಇನ್ನು ಸಿಗುವುದಿಲ್ಲ ಗುರುಗಳೇ. ನಾನೇ ಇಲ್ಲದ ಹಾಗೆ ಮಾಡಿ ಬಂದೆ."

ಅರಮನೆಯ ಪರವಾಗಿ ನ್ಯಾಯಸಭೆಯಲ್ಲಿ ವಾದಿಸುವವರೆಲ್ಲ ವಿದ್ಯಾಧರರ ಕೈಯಲ್ಲಿ ಪಳಗಿದವರೇ. ಅವರ ಹುಡುಗ ಎದ್ದು ನಿಂತನೆಂದರೆ ಎದುರಾಳಿ ಮಣ್ಣು ಮುಕ್ಕಿದ ಹಾಗೆಯೇ ಎಂದು ಊರೆಲ್ಲ ಮಾತು. ಅಂಥವರಲ್ಲೂ ಬೊಮ್ಮರಸ ಬಲು ಜಾಣ. ಮೊನ್ನೆ ಅವನ ಮೊದಲ ವ್ಯಾಜ್ಯ.

"ಗೆದ್ದೆಯಂತೆ."

"ಗೆದ್ದೆ. ಅಂಬಿಗರ ಈರವ್ವನ ಮೇಲೆ ಗೆದ್ದೆ. ಅವಳ ಗುಡಿಸಲಿದ್ದ ದಂಡೆಯಲ್ಲಿ ಅರಸರಿಗೆ ಸ್ನಾನಘಟ್ಟ ಕಟ್ಟಬೇಕಂತೆ."

ಓದುವ ದಿನಗಳಲ್ಲಿ ಬೊಮ್ಮರಸನನ್ನು ಹೊಳೆ ದಾಟಿಸುತ್ತಿದ್ದವಳು ಆ ಈರವ್ವನೇ.

"ಅವಳು ಏನಂದಳು?"

"ಏನೂ ಅನ್ನಲಿಲ್ಲ. ಆ ಸಭೆ, ಆ ಪೇಟಗಳನ್ನು ನೋಡಿ ಅವಳ ನಾಲಿಗೆ ಒಣಗಿಹೋಗಿತ್ತು. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ತನ್ನ ಪರ ಮಾತಾಡಲಿಕ್ಕೇ ನಾನು ಎದ್ದಿದ್ದೇನೆ ಅಂದುಕೊಂಡಿದ್ದಳು, ಗುರುಗಳೇ."

ಮೂರು ಸಲ ಕೇಳಿದರೂ ಉತ್ತರ ಬರದಿದ್ದರೆ ಎದುರಾಳಿ ಒಪ್ಪಿಕೊಂಡಂತೆ ಎನ್ನುವುದು ಸಭೆಯ ಕಟ್ಟಳೆ. ಬೊಮ್ಮರಸ ಮೂರು ಸಲ ಕೇಳಿದ್ದ.

"ನಿನ್ನೆ ಗುಡಿಸಲು ಕಿತ್ತರು. ದೋಣಿಯನ್ನೂ ಒಡೆದರು. ಅವಳು ಎತ್ತ ಹೋದಳೋ ಯಾರೂ ನೋಡಲಿಲ್ಲ. ನನಗೆ ಮಾತ್ರ ಅರಮನೆಯಲ್ಲಿ ಕಾಯಂ ಹುದ್ದೆ. ನಾಳೆ ಹೋಗಿ ಮುದ್ರೆಯುಂಗುರ ತೊಡಬೇಕು. ತೊಡಲೋ ಬೇಡವೋ, ನೀವೇ ಹೇಳಿ."

ಗುರುಗಳು ಎದ್ದು ಹೋಗಿ ಆಲದ ಬುಡದಲ್ಲಿದ್ದ ಮಣೆಯ ಮೇಲೆ ಕೂತರು. ಅಲ್ಲಿನ ಪಾಠವೇ ಹಾಗೆ. ಶಿಷ್ಯ ಅರಮನೆಯ ಪರ ನಿಲ್ಲಬೇಕು, ಗುರು ಎದುರಾಳಿಯಾಗಿ ಆ ಮಣೆಯ ಮೇಲೆ ಕೂರಬೇಕು. ಅವರ ಒಂದೊಂದು ಮಾತಿಗೂ ತಿರುಗೇಟು ಕೊಟ್ಟುಕೊಟ್ಟೇ ಹುಡುಗರು ಪಳಗುತ್ತಿದ್ದದ್ದು.

"ನಾನು ಈರವ್ವ. ಕೇಳು."

ಬೊಮ್ಮರಸ ಎದ್ದು ನಿಂತ. "ಈ ದಂಡೆ ನಿನ್ನದೆನ್ನಲು ಏನು ಆಧಾರ?"

ಗುರುಗಳು ಅವನ ಮುಖ ನೋಡಿದರು. ಮಾತಾಡಲಿಲ್ಲ.

ಬೊಮ್ಮರಸ ಕಾದ. "ಏನು ಆಧಾರ, ಹೇಳು."

ಗುರುಗಳು ನೋಡುತ್ತಲೇ ಇದ್ದರು.

ಮೂರನೆಯ ಸಲ ಅವನ ಬಾಯಿಂದ ಮಾತು ಹೊರಡಲಿಲ್ಲ. ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ.

"ಸಭೆಯಲ್ಲಿ ಹೇಗೆ ಹೊರಟಿತು?" ಎಂದರು ಗುರುಗಳು.

"ಸಲೀಸಾಗಿ ಹೊರಟಿತು. ಎದುರಾಳಿ ಏನೆಂದರೆ ಏನು ಹೇಳಬೇಕು ಅಂತ ನೀವು ಕಲಿಸಿದ್ದಿರಿ. ಏನೂ ಅನ್ನದಿದ್ದರೆ ಏನು ಮಾಡಬೇಕೋ ಗೊತ್ತಿರಲಿಲ್ಲ. ಮತ್ತೆ ಕೇಳಿದೆ, ಅಷ್ಟೇ."

ಗುರುಗಳ ಮುಖ ಕಪ್ಪಿಟ್ಟಿತು.

"ಉಂಗುರ ಬೇಡವೆಂದು ಬಿಡಲೇ ಗುರುಗಳೇ?"

"ಬಿಟ್ಟರೆ ನಿನ್ನ ಜಾಗಕ್ಕೆ ಯಾರು ಬರುತ್ತಾರೆ?"

ಬೊಮ್ಮರಸ ತಲೆ ತಗ್ಗಿಸಿದ. "ಇಲ್ಲಿಂದಲೇ ಇನ್ನೊಬ್ಬ."

ಆಚೆ ದಡದಲ್ಲಿ ಯಾರೋ ದೋಣಿಗಾಗಿ ಕೂಗುತ್ತಿದ್ದರು. ಕೂಗಿ ಕೂಗಿ ಸಾಕಾಗಿ ಸುಮ್ಮನಾದರು.

ಗುರುಗಳು ಮಣೆಯ ಸವೆದ ಅಂಚನ್ನು ಸವರಿದರು.

"ಇದರ ಮೇಲೆ ಕೂತೇ ಮುದುಕನಾದೆ, ಬೊಮ್ಮರಸ. ಇವತ್ತಿನವರೆಗೆ ಒಂದು ದಿನವೂ ಮಾತು ಬಾರದವನಾಗಿ ಕೂತಿರಲಿಲ್ಲ."