ಒಂದೇ ಕಡೆ ಮೂರು ತೇಪೆ

"ಅಜ್ಜಾರ, ಯಾರ ಮಾತೂ ಚುಚ್ಚದಂಗ ಮನಸ್ಸ ಗಟ್ಟಿ ಮಾಡ್ಕೊಳ್ಳೂದು ಹೆಂಗ್ರಿ? ಗುರುವಾರ ಅಣ್ಣನ ಮನಿ ಲಗ್ನಕ್ಕ ಹೋಗಬೇಕು."

ಶಿಷ್ಯ ಚನ್ನಮಲ್ಲ ಹೀಗೆ ಕೇಳಿದಾಗ ಗುರುಗಳು ಮಠದ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. "ಯಾರ್ ಚುಚ್ಚಿದ್ರಪಾ ನಿನ್ನ?" ಎಂದರು.

ಕೇಳಿದ್ದೇ ತಡ, ಚನ್ನಮಲ್ಲ ಮನಸ್ಸಿನಲ್ಲಿದ್ದದ್ದನ್ನೆಲ್ಲ ಸುರಿದ. ಮೊನ್ನೆ ಒಬ್ಬ ಭಕ್ತ "ಇಲ್ಲಿ ದಿನಾ ಎಷ್ಟ ಮಂದಿ ಉಣ್ತಾರ್ರಿ?" ಎಂದು ಕೇಳುತ್ತ ಇವನ ಮುಖವನ್ನೇ ನೋಡಿದ್ದ. ನಿನ್ನೆ ಒಬ್ಬ ಮುದುಕಿ "ಏನ್ ಕೆಲಸಾ ಮಾಡ್ತೀಯೋ ತಮ್ಮಾ?" ಎಂದಿದ್ದಳು. ಈ ಮುಂಜಾನೆ ಅಡುಗೆಯವನು "ಇನ್ನೊಂದೀಟು ಹಾಕ್ಲೇನ್ರಿ?" ಎಂದು ನಕ್ಕಿದ್ದ.

ಒಂದನ್ನು ಮಾತ್ರ ಅವನು ಹೇಳಲಿಲ್ಲ. ಆರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅಣ್ಣ ಇವನತ್ತ ಕೈ ತೋರಿಸಿ "ಇಂವ ಬಿಡ್ರಿ, ಕುಂತ ಉಣ್ಣಾಂವ" ಎಂದಿದ್ದ. ಅರ್ಧ ಊಟಕ್ಕೆ ಎದ್ದು ಬಂದವನು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ಅದೇ ಅಣ್ಣನ ಮಗಳ ಮದುವೆ. ಇವನು ಎತ್ತಿ ಆಡಿಸಿದ ಹುಡುಗಿ. "ಕಾಕಾ, ನೀವು ಬರದಿದ್ರ ನಾ ಅಕ್ಕಿಕಾಳ ಹಾಕಿಸ್ಕೊಳ್ಳಾಕ ನಿಂದ್ರೂದಿಲ್ಲ" ಎಂದು ಲಗ್ನಪತ್ರಿಕೆಯ ಮೇಲೆ ತಾನೇ ಬರೆದು ಕಳಿಸಿದ್ದಳು. ಹೋಗಲು ಅವನ ಜೀವ ಎಳೆಯುತ್ತಿತ್ತು. ಅಲ್ಲಿ ಯಾರಾದರೂ ಏನಾದರೂ ಅಂದುಬಿಟ್ಟರೆ ಎಂಬ ಹೆದರಿಕೆಯೂ ಅಷ್ಟೇ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ಸವಾರನಿದ್ದ. ವರ್ಷಕ್ಕೊಮ್ಮೆ ನಡೆಯುವ ನೂರು ಮೈಲಿಯ ಪಂದ್ಯಕ್ಕೆ ಮೂರು ಸಲ ಹೊರಟಿದ್ದ, ಒಮ್ಮೆಯೂ ಕೊನೆ ಮುಟ್ಟಿರಲಿಲ್ಲ. ದಾರಿಯುದ್ದಕ್ಕೂ ಜಾಲಿಮುಳ್ಳು. ಅವನದೋ ಪಂದ್ಯದ ಸೈಕಲ್ಲು, ಹೆಬ್ಬೆರಳು ದಪ್ಪದ ಟೈರು. ವಯಸ್ಸಿನ ಮಿತಿಯ ಪ್ರಕಾರ ಈ ಸಲದ ಪಂದ್ಯವೇ ಅವನಿಗೆ ಕೊನೆಯದು.

ಅವನು ರಿಪೇರಿಯವನ ಬಳಿ ಹೋಗಿ ಮುಳ್ಳು ಇಳಿಯದ ಟೈರು ಕೇಳಿದ. ರಿಪೇರಿಯವ ಮೂರು ಟೈರು ಮುಂದಿಟ್ಟ. ಒಂದು ಬಲು ಹಗುರ, ಆದರೆ ಮುಳ್ಳು ಕಂಡರೆ ಸಾಕು, ಕೂತುಬಿಡುತ್ತದೆ. ಇನ್ನೊಂದು ಎಷ್ಟು ದಪ್ಪವೆಂದರೆ ಮೊಳೆಯೂ ಇಳಿಯದು, ಆದರೆ ಏರು ಬಂದರೆ ಸವಾರನೇ ಸೈಕಲ್ಲನ್ನು ಹೊರಬೇಕು. ಮೂರನೆಯದರಲ್ಲಿ ರಬ್ಬರಿನ ಅಡಿಗೆ ಒತ್ತಾಗಿ ನೇಯ್ದ ಪದರವಿತ್ತು. ತುಸು ಭಾರ, ಆದರೆ ಬಹುದಿನ ಬಾಳುವಂಥದ್ದು. ಸವಾರ ಅದನ್ನೇ ಆರಿಸಿದ. ಒಳ್ಳೆಯದನ್ನೇ ಆರಿಸಿದ ಎಂದು ಗುರುಗಳೂ ತಲೆದೂಗಿದರು.

ಆದರೂ ಅವನಿಗೆ ಧೈರ್ಯ ಸಾಲಲಿಲ್ಲ. ಮನೆಗೆ ಬಂದು, ಆ ಊರಿನ ಸವಾರರೆಲ್ಲ ಮಾಡುವಂತೆ, ಹಳೆಯ ಟೈರಿನ ಅಂಚಿನ ತಂತಿ ಕತ್ತರಿಸಿ ತೆಗೆದು, ಉಳಿದ ಪಟ್ಟಿಯನ್ನು ಹೊಸ ಟೈರಿನ ಒಳಗೆ ಹಾಸಿದ. ಅದರ ಮೇಲೆ ಟ್ಯೂಬು ಕೂರಿಸಿದ. ಇನ್ನು ಯಮನೇ ಬಂದರೂ ಪಂಕ್ಚರ್ ಮಾಡಲಾರ ಎಂದುಕೊಂಡು ನೆಮ್ಮದಿಯಿಂದ ಮಲಗಿದ.

ಮಾರನೆಯ ದಿನ ಅಭ್ಯಾಸಕ್ಕೆಂದು ಹೊರಟು ನಾಲ್ಕು ಮೈಲಿ ಹೋಗುವಷ್ಟರಲ್ಲಿ ಗಾಲಿ ಕೂತಿತು. ತೇಪೆ ಹಾಕಿದ. ಮತ್ತೆ ಕೂತಿತು. ಮೂರನೆಯ ತೇಪೆ ಹಾಕಿದ ಮೇಲೂ ಕೂತಾಗ ಅವನು ರಸ್ತೆಯನ್ನು ಬೈದ, ಜಾಲಿ ನೆಟ್ಟವರ ವಂಶವನ್ನೆಲ್ಲ ಬೈದ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದು ರಿಪೇರಿಯವನ ಮುಂದೆ ಕೆಡವಿದ. ಪಂದ್ಯಕ್ಕೆ ಎರಡೇ ದಿನ ಉಳಿದಿತ್ತು.

"ಎಂಥಾ ಟೈರ್ ಕೊಟ್ಟೀಯೋ ಮಾರಾಯಾ! ಇದಕ್ಕಿಂತ ದಪ್ಪಂದು ಕೊಡು."

ರಿಪೇರಿಯವ ಟೈರಿನ ಹೊರಮೈ ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ. ಟ್ಯೂಬನ್ನು ಎಳೆದು ನೋಡಿದ.

"ಮೂರೂ ತೇಪಿ ಒಂದ ಕಡಿ ಅದಾವಲ್ಲೋ. ರಸ್ತಾ ಏನ್ ಗುರಿ ಇಟ್ಟ ಚುಚ್ಚತೈತೇನು?"

ಹಾಗೆಂದು, ಒಳಗೆ ಹಾಸಿದ್ದ ಹಳೆಯ ಪಟ್ಟಿಯ ಮೇಲೆ ಮೆಲ್ಲಗೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು. ಇಕ್ಕಳ ಹಾಕಿ ಎಳೆದ. ಜೀರಿಗೆಯಷ್ಟು ಮುಳ್ಳಿನ ತುದಿ. ಹೋದ ವರ್ಷದ ಪಂದ್ಯದಲ್ಲಿ ಚುಚ್ಚಿ, ಮುರಿದು, ಒಳಗೇ ಉಳಿದಿತ್ತು. ಅದನ್ನು ಇವನೇ ಜೋಪಾನವಾಗಿ ಹೊಸ ಟೈರಿನೊಳಗೆ ಹಾಸಿಕೊಂಡಿದ್ದ.

ಸವಾರ ಪಂದ್ಯಕ್ಕೆ ಹೋದ. ಟೈರು ಅದೇ, ರಸ್ತೆ ಅದೇ, ಜಾಲಿಯೂ ಅದೇ. ಮೊದಲು ಬಂದವರೆಲ್ಲ ಮಜ್ಜಿಗೆ ಕುಡಿದು ಹೂಮಾಲೆ ಹಾಕಿಸಿಕೊಂಡು ಮನೆಯ ದಾರಿ ಹಿಡಿದ ಮೇಲೆ ಬಂದ. ಆದರೂ ಸೈಕಲ್ ತುಳಿಯುತ್ತಲೇ ಬಂದ. ಕೊನೆಯ ಗೆರೆ ದಾಟಿ, ಇಳಿದು, ಮುಂದಿನ ಗಾಲಿಯನ್ನು ಒಮ್ಮೆ ಒತ್ತಿ ನೋಡಿ, ಅಳುತ್ತ ನಕ್ಕ.

ಕತೆ ಮುಗಿಯಿತು. ಸವಾರ ಗೆದ್ದಷ್ಟೇ ಸಂತೋಷ ಚನ್ನಮಲ್ಲನಿಗಾಯಿತು. ತನ್ನ ಪ್ರಶ್ನೆ ಮಾತ್ರ ಹಾಗೇ ಉಳಿಯಿತೆಂದು ಅವನಿಗೆ ಅನ್ನಿಸಿತು.

"ಹಂಗಾರ ನನಗ ಗಟ್ಟಿ ಟೈರ್ ಬ್ಯಾಡೇನ್ರಿ ಅಜ್ಜಾರ?"

"ಹಾಕ್ಕೋ, ಯಾರ್ ಬ್ಯಾಡಂದ್ರು? ಆದ್ರ ಭಕ್ತ, ಮುದುಕಿ, ಅಡಿಗಿಯಾಂವ, ಮೂರೂ ಮಂದಿ ಚುಚ್ಚಿದ್ದು ಒಂದ ಕಡಿ ಐತಿ. ಲಗ್ನಕ್ಕ ಹೊರಡೂಕಿಂತ ಮೊದಲ ಒಳಗ ಒಮ್ಮಿ ಬೆರಳಾಡಿಸಿ ನೋಡು."

ಚನ್ನಮಲ್ಲ ಒಂದು ಅವರೆಕಾಯಿ ಕೈಗೆತ್ತಿಕೊಂಡು, "ಅಪ್ಪನ ಹನ್ನೊಂದನೇ ದಿನಾ, ಅಜ್ಜಾರ, ಎಲ್ಲಾರೂ ಊಟಕ್ಕ ಕುಂತಿದ್ವಿ" ಎಂದು ಶುರು ಮಾಡಿದ.